ಹೊಳೆಬದಿಯ ಆಸ್ತಿ: ಆಧಾರದ ಗಡಿ, ಅಳತೆಯ ಗಡಿ

ಪ್ರಶ್ನೆ: ಪಯಸ್ವಿನಿ ಹೊಳೆಯ ಬದಿಯಲ್ಲಿ ನಮ್ಮ ಅಡಿಕೆ ತೋಟವಿದೆ. ಅಜ್ಜನ ಹೆಸರಿಗೆ 1949ರಲ್ಲಿ ಕನ್ನಡದಲ್ಲಿ ಬರೆದ ಆಧಾರದಲ್ಲಿ (ಆಸ್ತಿಯ ಹಕ್ಕುಪತ್ರದಲ್ಲಿ) ವಿಸ್ತೀರ್ಣ 1 ಎಕ್ರೆ 20 ಸೆಂಟ್ಸ್, ಚಕ್ಕುಬಂದಿ ‘ಮೂಡು ಧರೆ, ಪಡು ಹೊಳೆ’ ಎಂದಿದೆ. ಈಗಿನ ಸರ್ವೆಯಲ್ಲಿ 45.10 ಆರ್ಸ್ ಮಾತ್ರ ಕಾಣುತ್ತದೆ. ಹಿಂದೊಮ್ಮೆ ನೆರೆಗೆ ಎರಡು ಸಾಲು ಅಡಿಕೆ ಮರಗಳು ಕೊಚ್ಚಿಹೋದವು. ತುಸು ಕೆಳಗೆ ಮರಳು ತುಂಬಿ ಕುದುರಾದ (ದಿಬ್ಬವಾದ) ಜಾಗದಲ್ಲಿ ತರಕಾರಿ ಬೆಳೆಯುತ್ತಿದ್ದೇವೆ. ನಾವು ಮೂವರು ಒಡಹುಟ್ಟಿದವರು ಭಾಗಪತ್ರ ಮಾಡಿಕೊಳ್ಳುವಾಗ ಹಳೆಯ ಅಳತೆಯನ್ನೇ ಬರೆದು, ಕುದುರನ್ನೂ ಸೇರಿಸಬಹುದೇ?
– ಓದುಗರು, ಅಡೂರು (ಕಾಸರಗೋಡು ಜಿಲ್ಲೆ)

ಉತ್ತರ: ಕುದುರನ್ನು ಖಂಡಿತ ಸೇರಿಸಬೇಡಿ. 1957ರ ಕೇರಳ ಭೂಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಹೊಳೆಯ ಪಾತ್ರ ಮತ್ತು ದಡಗಳು, ವರ್ಗದಾರರ (ಹಿಂದಿನ ಕಾಲದ ಜಮೀನು ಒಡೆಯರ) ಅಥವಾ ಕಂದಾಯ ದಾಖಲೆಯಲ್ಲಿ ಹೆಸರಿರುವ ಹಿಡುವಳಿದಾರರ ಸ್ವತ್ತಾಗಿರುವಷ್ಟು ಭಾಗವನ್ನು ಬಿಟ್ಟು, ಸರಕಾರದ್ದು. ಹೊಳೆ ವರ್ಷವರ್ಷವೂ ಕಣ್ಣಿಗೆ ಕಾಣದಂತೆ ಮಣ್ಣು ತಂದು ದಡಕ್ಕೆ ಸೇರಿಸುತ್ತಾ ಬಂದರೆ ಆ ಮಣ್ಣು ದಡದ ಜಮೀನಿಗೆ ಸೇರುತ್ತದೆ, ಒಂದೇ ನೆರೆಯಲ್ಲಿ ಪಾತ್ರ ಬದಲಾದರೆ ಹಕ್ಕು ಬದಲಾಗುವುದಿಲ್ಲ ಎಂಬುದು ನ್ಯಾಯಾಲಯಗಳು ಒಪ್ಪಿರುವ ತತ್ವ. ನಿಮ್ಮ ಕುದುರು ಯಾವ ಬಗೆಯದ್ದೆಂದು ತೀರ್ಮಾನವಾಗಬೇಕಾದದ್ದು ಸಿವಿಲ್ ಕೋರ್ಟಿನಲ್ಲಿ, ಸಾಕ್ಷ್ಯದ ಮೇಲೆ. ಸಬ್ ರಿಜಿಸ್ಟ್ರಾರರ ಮೇಜಿನ ಮೇಲಲ್ಲ. ನೋಂದಣಿ ಅಧಿಕಾರಿ ಸಾಮಾನ್ಯವಾಗಿ ಬರೆದುಕೊಡುವವರ ಹಕ್ಕನ್ನು ವಿಚಾರಣೆ ಮಾಡುವುದಿಲ್ಲವಾದ್ದರಿಂದ, ಪತ್ರ ನೋಂದಣಿಯಾಯಿತೆಂದ ಮಾತ್ರಕ್ಕೆ ಇಲ್ಲದ ಹಕ್ಕು ಹುಟ್ಟುವುದಿಲ್ಲ. ಮುಂದೆ ಪೋಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಲು ಹೋದಾಗ ವಿಲ್ಲೇಜು ಆಫೀಸಿನಲ್ಲಿ ಆ ಜಾಗ ಹೊಳೆ ಪುರಂಬೋಕು (ಸರಕಾರಿ ಜಾಗ) ಎಂದು ಕಂಡರೆ, ಕುದುರು ಪಾಲಿಗೆ ಬಂದವರು ಬರಿಗೈಯಲ್ಲಿ ಉಳಿಯುತ್ತಾರೆ. ಒಡಹುಟ್ಟಿದವರ ನಡುವೆ ಅಂಥ ಮನಸ್ತಾಪಕ್ಕೆ ಎಡೆ ಕೊಡಬಾರದು.

ಇನ್ನು ಅಳತೆಯ ವಿಷಯ. 1 ಎಕ್ರೆ 20 ಸೆಂಟ್ಸ್ ಎಂದರೆ ಸುಮಾರು 48.56 ಆರ್ಸ್, ನಿಮಗೆ ಕಡಿಮೆ ಬಿದ್ದಿರುವುದು ಸುಮಾರು ಎಂಟೂವರೆ ಸೆಂಟ್ಸ್. ಆಧಾರದಲ್ಲಿ ಚಕ್ಕುಬಂದಿಗೂ ವಿಸ್ತೀರ್ಣಕ್ಕೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚಿನ ಬೆಲೆ. ಆದರೆ ‘ಪಡು ಹೊಳೆ’ ಎಂಬ ಗಡಿ ಕಲ್ಲು ನೆಟ್ಟ ಗಡಿಯಲ್ಲ. 1949ರಲ್ಲಿ ಹೊಳೆ ಎಲ್ಲಿ ಹರಿಯುತ್ತಿತ್ತೆಂದು ಹಳೆಯ ಸರ್ವೆ ನಕ್ಷೆಯೇ ಹೇಳಬೇಕು. ಆದ್ದರಿಂದ ವಿಲ್ಲೇಜು ಆಫೀಸಿನಿಂದ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನ (ಭೂಕಂದಾಯದ ಮೂಲ ದಾಖಲೆಯ) ನಕಲು, ತಂಡಪೇರ್ (ಜಮೀನುದಾರರ ಕಂದಾಯ ಖಾತೆ) ವಿವರ, ಹಳೆಯ ಮತ್ತು ಹೊಸ ಸರ್ವೆ ನಂಬ್ರಗಳ ಹೊಂದಾಣಿಕೆ, ಎಫ್‌ಎಂಬಿ (ಜಮೀನಿನ ಅಳತೆ ಪುಸ್ತಕದ) ನಕ್ಷೆ ಇವಿಷ್ಟನ್ನು ತೆಗೆಸಿಕೊಳ್ಳಿ. ಕೊಚ್ಚಿಹೋದ ಜಾಗ ಹಳೆಯ ನಕ್ಷೆಯಲ್ಲಿ ನಿಮ್ಮ ನಂಬ್ರದೊಳಗೇ ಇದ್ದರೆ, ತಿದ್ದುಪಡಿಗಾಗಿ ಭೂದಾಖಲೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಡಿಜಿಟಲ್ ಸರ್ವೆಯ ಕರಡು ಇನ್ನೂ ಅಂತಿಮಗೊಂಡಿರದಿದ್ದರೆ ನೋಟೀಸಿನಲ್ಲಿ ಹೇಳಿದ ಅವಧಿಯೊಳಗೇ ಆಕ್ಷೇಪ ಸಲ್ಲಿಸಿ. ಹೊಳೆಬದಿಯವರು ಈ ಅವಕಾಶವನ್ನು ಕೈಬಿಡಲೇಬಾರದು. ಸರ್ವೆ ಗಡಿಯನ್ನು ಗುರುತಿಸುತ್ತದೆ, ಹಕ್ಕನ್ನು ತೀರ್ಮಾನಿಸುವುದಿಲ್ಲ. ತೀರ್ವೆ (ಭೂಕಂದಾಯ) ರಶೀದಿಯೂ ಹಕ್ಕುಪತ್ರವಲ್ಲ. ನಿಮ್ಮ ಆಧಾರ ಕನ್ನಡದ್ದಾದ್ದರಿಂದ, ಕನ್ನಡ ಬಾರದ ಸರ್ವೆಯರ್ ಬಂದಲ್ಲಿ ತೊಡಕಾಗದಂತೆ ಚಕ್ಕುಬಂದಿಯ ಮಲಯಾಳ ಅನುವಾದವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಭಾಗಪತ್ರದ ಷೆಡ್ಯೂಲಿನಲ್ಲಿ ಆಧಾರದ ವಿಸ್ತೀರ್ಣ ಮತ್ತು ಈಗಿನ ಸರ್ವೆಯ ವಿಸ್ತೀರ್ಣ ಎರಡನ್ನೂ ನಮೂದಿಸಿ, ಹಂಚಿಕೆಯನ್ನು ಮಾತ್ರ ಈಗ ನೆಲದ ಮೇಲಿರುವ 45.10 ಆರ್ಸಿಗೆ ಸೀಮಿತಗೊಳಿಸಿ. ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರ ಪತ್ರದಲ್ಲಿರಬೇಕೆಂದು 1908ರ ನೋಂದಣಿ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಪಡುಗಡೆಯಲ್ಲಿ ಬರೀ ‘ಹೊಳೆ’ ಎನ್ನದೆ ‘ಹೊಳೆ ಪುರಂಬೋಕು’ ಎಂದು ಬರೆದು, ಅಳತೆಯ ನಕ್ಷೆಯನ್ನು ಲಗತ್ತಿಸಿ. ತಿದ್ದುಪಡಿಯಿಂದ ಮುಂದೆ ಜಾಗ ಮರಳಿ ಸಿಕ್ಕಿದರೆ ಅದು ಮೂವರಿಗೂ ಸಮನಾಗಿ ಸೇರತಕ್ಕದ್ದೆಂದು ಒಂದು ವಾಕ್ಯ ಸೇರಿಸಿ. ಅದಕ್ಕಿಂತಲೂ ಮುಖ್ಯವಾದದ್ದು ನೀರು. ಹೊಳೆಬದಿಯ ಪಾಲು ಒಬ್ಬರಿಗೆ ಹೋದ ಮೇಲೆ ಉಳಿದಿಬ್ಬರ ಅಡಿಕೆಗೆ ಬೇಸಗೆಯಲ್ಲಿ ನೀರು ಬರುವುದು ಹೇಗೆ? ಹೊಳೆಗೆ ಇಳಿಯುವ ದಾರಿ, ಪಂಪಿನ ಪೈಪು ಹಾಯುವ ಜಾಗ, ಅದರ ಅಗಲ ಇವೆಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ ಮೂವರ ಹಕ್ಕೆಂದು ಬರೆಯಿರಿ. ಪಂಪ್ ಶೆಡ್ ಪುರಂಬೋಕಿನಲ್ಲಿದ್ದರೆ ಅದರ ನೆಲವನ್ನು ಷೆಡ್ಯೂಲಿಗೆ ಸೇರಿಸುವಂತಿಲ್ಲ.

ಪ್ರಶ್ನೆ: ನಮ್ಮ 10 ಸೆಂಟ್ಸ್ ಜಾಗದ ಪಡುಗಡಿ ಸಮುದ್ರ. ಕಡಲ್ಕೊರೆತಕ್ಕೆ ಸ್ವಲ್ಪ ಭಾಗ ಹೋಗಿದೆ. ಉಳಿದದ್ದನ್ನು ಮಾರಬಹುದೇ?
– ಓದುಗರು, ಉಪ್ಪಳ

ಉತ್ತರ: ಮಾರಬಹುದು. ಆದರೆ ಭರತದ ಗೆರೆಯಿಂದ (ಉಬ್ಬರದ ನೀರು ಏರುವ ಗಡಿಯಿಂದ) ಕೆಳಗಿನ ಕಡಲತಳ ಮೇಲೆ ಹೇಳಿದ ಭೂಸಂರಕ್ಷಣಾ ಕಾಯ್ದೆಯಂತೆ ಸರಕಾರದ್ದಾದ್ದರಿಂದ, ಹೊಸದಾಗಿ ಅಳೆಯಿಸಿ ಉಳಿದಷ್ಟಕ್ಕೆ ಮಾತ್ರ ಕ್ರಯಪತ್ರ ಮಾಡಿಕೊಡಿ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ನಿಮ್ಮ ಒಡೆತನವನ್ನಾಗಲಿ ಮಾರುವ ಹಕ್ಕನ್ನಾಗಲಿ ಕಿತ್ತುಕೊಳ್ಳುವುದಿಲ್ಲ. ಭರತದ ಗೆರೆಯಿಂದ 500 ಮೀಟರ್ ವರೆಗಿನ ಕಟ್ಟಡಗಳಿಗೆ ಅದು ನಿಬಂಧನೆ ಹಾಕುತ್ತದೆ. ಮನೆ ಕಟ್ಟುವ ಆಸೆಯಿಂದ ಕೊಳ್ಳುವವರಿಗೆ ಇದನ್ನು ಮುಂಗಡ ಪಡೆಯುವ ಮೊದಲೇ ತಿಳಿಸಿ, ತಿಳಿಸಿದ್ದನ್ನು ಕರಾರಿನಲ್ಲಿ ಬರೆಯಿರಿ.