ಬೀದರಿನ ಗಡಿ ಹಳ್ಳಿಗಳಿಗೆ ವೈದ್ಯರು ತಯಾರಾಗುವ ಬಗೆ

ವೈದ್ಯರ ಕಲಿಕೆಗೆ ಸರ್ಕಾರ ಇಷ್ಟೊಂದು ಹಣ ಕೊಡುತ್ತಿರುವಾಗ ನಮ್ಮ ಹಳ್ಳಿಗಳಲ್ಲಿ ವೈದ್ಯರು ಏಕೆ ನಿಲ್ಲುವುದಿಲ್ಲ ಎಂದು ತಾವು ಕೇಳಿದ್ದೀರಿ. ಆ ಹಣ ಕಲಿಕೆಯ ಯಾವ ಹಂತಕ್ಕೆ ಸಲ್ಲುತ್ತದೆ ಎಂಬುದರಲ್ಲಿ ಉತ್ತರವಿದೆ.

ನಾವು ಬ್ರಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು ಬೀದರಿನಲ್ಲಿ 2007ರಲ್ಲಿ ಆರಂಭವಾಯಿತು. ಮುಂದೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸರ್ಕಾರದ ಪಾಲಿನ ಸೀಟುಗಳ ಪೈಕಿ ಶೇ 70ರಷ್ಟು ಈ ಭಾಗದ ಮಕ್ಕಳಿಗೇ ಮೀಸಲಾದವು. ಇದು ಸಣ್ಣ ಲಾಭವಲ್ಲ. ಆದರೆ ಹೀಗೆ ಓದುವವರ ಕಲಿಕೆಯ ಬಹುಪಾಲು ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲೇ ಮುಗಿಯುತ್ತದೆ; 2021ರ ನಿಯಮದಂತೆ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಸಮುದಾಯ ವೈದ್ಯಶಾಸ್ತ್ರಕ್ಕೆ, ಅಂದರೆ ಜನರ ನಡುವೆಯೇ ನಡೆಯುವ ಕಲಿಕೆಗೆ, ದೊರೆಯುವುದು 12 ವಾರ ಮಾತ್ರ. ಓದು ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದ ಕಡ್ಡಾಯ ಸೇವೆಗೆ 2012ರ ಕಾಯ್ದೆಯಿದ್ದರೂ ಆ ಸೇವೆಯ ವರ್ಷವನ್ನು ಪಿಜಿ ಪ್ರವೇಶ ಪರೀಕ್ಷೆಯ ತಯಾರಿಯಲ್ಲಿ ಕಳೆಯುವವರೇ ಹೆಚ್ಚೆಂದು ನನಗೆ ತೋರುತ್ತದೆ, ಮತ್ತು ಅದಕ್ಕಾಗಿ ಅವರನ್ನು ದೂರುವುದು ನನ್ನಿಂದಾಗದು.

ಔರಾದ, ಕಮಲನಗರದ ಕಡೆಗೆ ಬಂದರೆ ಮನೆಯ ಮಾತು ಮರಾಠಿ, ಕಚೇರಿಯ ಕಾಗದ ಕನ್ನಡ, ಸಂತೆಯಲ್ಲಿ ದಖನಿ ಉರ್ದು. ಜನರು ಮಹಾರಾಷ್ಟ್ರದ ಉದಗೀರಕ್ಕೋ ಹೈದರಾಬಾದಿಗೋ ಹೋಗಿ ತೋರಿಸಿಕೊಂಡು, ಅಲ್ಲಿಯ ಚೀಟಿ, ಅಲ್ಲಿಯ ಮಾತ್ರೆಗಳನ್ನು ಹಿಡಿದುಕೊಂಡೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ನಿರ್ಧರಿಸುವ ಕೌಶಲ್ಯವನ್ನು ಇಲ್ಲಿಯೇ ಕುಳಿತು ಕಲಿಯಬೇಕು.

ವಾಸ್ತವದಲ್ಲಿ ಆ ಕೆಲಸದ ದೊಡ್ಡ ಪಾಲನ್ನು ಇಂದು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಜನರು ಸಿಎಚ್‌ಒ ಎಂದು ಕರೆಯುವವರು, ಹೊತ್ತಿದ್ದಾರೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದಾಗ ರೂಪುಗೊಂಡ ವ್ಯವಸ್ಥೆಯಲ್ಲಿ, ನರ್ಸಿಂಗ್ ಓದಿದವರಿಗೆ ಆರು ತಿಂಗಳ ಹೆಚ್ಚುವರಿ ತರಬೇತಿ ಕೊಟ್ಟು, ಸುಮಾರು 5,000 ಜನರ ಬಿಪಿ, ಸಕ್ಕರೆ ಕಾಯಿಲೆ, ಬಸುರಿ-ಬಾಣಂತಿಯರ ಆರೈಕೆ, ಕ್ಯಾನ್ಸರ್ ತಪಾಸಣೆಗಳನ್ನು ಒಪ್ಪಿಸುತ್ತಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಈ ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಹುದ್ದೆ ಮಾತ್ರ ಗುತ್ತಿಗೆಯದು. ಬೇರೆಡೆ ಕಾಯಂ ನೌಕರಿ ಸಿಕ್ಕಿದವರು ಹೊರಟುಹೋದಾಗ ಸರ್ಕಾರ ಅವರ ಮೇಲೆ ಹೂಡಿದ ತರಬೇತಿಯೂ ಜೊತೆಗೇ ಹೋಗುತ್ತದೆ.

ಆದ್ದರಿಂದ ಇನ್ನಷ್ಟು ಸೀಟುಗಳಿಗಿಂತ ಮೊದಲು ಸಿಎಚ್‌ಒಗಳ ಹುದ್ದೆ ಕಾಯಂ ಆಗಲಿ, ಇಂಟರ್ನಿಗಳು ಉಳಿಯಲು ತಾಲ್ಲೂಕಿನಲ್ಲಿ ಕ್ವಾರ್ಟರ್ಸ್ ಸಿಗಲಿ, ಅವರಿಗೆ ಕಲಿಸುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಆ ಕೆಲಸಕ್ಕೆಂದೇ ಭತ್ಯೆ ದೊರೆಯಲಿ ಎಂಬುದು ನನ್ನ ಅಭಿಪ್ರಾಯ.