ಬೆಳೆಯುತ್ತಿರುವ ಪ್ರಜಾಪ್ರಭುತ್ವದಲ್ಲಿ ರಾಜಕೀಯ ಪಕ್ಷಗಳ ಕೆಲಸವೇನು?
ಜನರ ಚದುರಿದ ಬೇಡಿಕೆಗಳನ್ನು ಒಗ್ಗೂಡಿಸಿ ಕಾನೂನಾಗಿಸುವುದೇ ಮುಖ್ಯ ಕೆಲಸ. ಚುನಾವಣೆ ಅದಕ್ಕೆ ದಾರಿ ಮಾತ್ರ. ಕರ್ನಾಟಕವನ್ನೇ ನೋಡಿ. 1983ರಲ್ಲಿ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದರು. ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹಟದಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಹೋಯಿತು. 1987ರ ಚುನಾವಣೆಯಲ್ಲಿ ಅವುಗಳ ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ದೇಶಕ್ಕೆಲ್ಲ ಪಂಚಾಯತ್ ರಾಜ್ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 1992ರಲ್ಲಿ. ಅಧಿಕಾರದಲ್ಲಿದ್ದವರನ್ನು ಪ್ರಶ್ನಿಸುವುದು, ಹೊಸ ನಾಯಕರನ್ನು ಬೆಳೆಸುವುದೂ ಪಕ್ಷಗಳದ್ದೇ ಹೊಣೆ. ಆದರೆ ನಮ್ಮ ಬಹುತೇಕ ಪಕ್ಷಗಳಲ್ಲಿ ಅಭ್ಯರ್ಥಿಯನ್ನು ಆರಿಸುವುದು ವರಿಷ್ಠರು, ಊರಿನ ಕಾರ್ಯಕರ್ತರಲ್ಲ. ನನ್ನ ಮಟ್ಟಿಗೆ ಇದೇ ಅತಿ ದೊಡ್ಡ ಕೊರತೆ; ಮೊದಲು ಸರಿಯಾಗಬೇಕಾದದ್ದೂ ಇದೇ.