15 ವರ್ಷದ ಮಗನಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ? ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟರೆ ಆಟ ಬಿಟ್ಟು ಕೋಡಿಂಗ್ ಕಲಿಯುತ್ತಾನಾ?

ಬಿಡುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆ ಓದುತ್ತಿದ್ದರೆ ಮೂರು ವರ್ಷದ ಹಿಂದಿನ ನಾನೇ ಬರೆದ ಹಾಗಿದೆ. 8 ಜಿಬಿ ರ‍್ಯಾಮ್ ಸಾಕಾ ಅಂತಲೂ ಕೇಳಿದ್ದೀರಿ, ಅದಕ್ಕೆ ಕೊನೆಗೆ ಬರುತ್ತೇನೆ.

ನನ್ನ ಮಗಳಿಗೆ ಆಗ 14. ವಿಂಡೋಸ್ 11 ಇದ್ದ ಲ್ಯಾಪ್‌ಟಾಪ್ ಕೊಡಿಸಿ ಹೆಚ್ಚು ಕಡಿಮೆ ಒಂದು ವರ್ಷ ಆಗಿತ್ತು. ಯಾವಾಗ ನೋಡಿದರೂ ಬಾಗಿಲು ಹಾಕಿಕೊಂಡು ಅದರ ಮುಂದೆ. ನಾನು ಒಳಗೆ ಕಾಲಿಟ್ಟರೆ ಸಾಕು, ಸ್ಕ್ರೀನ್ ಮೇಲೆ ಇದ್ದದ್ದು ಟಕ್ ಅಂತ ಮಾಯವಾಗಿ ಯಾವುದೋ ಪಾಠದ ಪುಟ ಬರುತ್ತಿತ್ತು. ಆಟ ಇರಬೇಕು, ಇಲ್ಲಾಂದ್ರೆ ವೀಡಿಯೊ, ಇನ್ನೇನಿರುತ್ತೆ ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ. ನಾನು ಕೆಲಸದಲ್ಲಿ ದಿನವಿಡೀ ಲಿನಕ್ಸ್ ಬಳಸುವವನು, ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಅದು. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ, ಹೆಲ್ಸಿಂಕಿಯಲ್ಲಿ ಇನ್ನೂ ಓದುತ್ತಿದ್ದಾಗ, 21ನೇ ವಯಸ್ಸಿಗೆ ಇದನ್ನು ಶುರು ಮಾಡಿದ ಕತೆಯನ್ನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಪೂರ್ತಿ ಕೇಳಿ, ತಲೆಯಾಡಿಸಿ, ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಮ್ಮೆ ಸ್ಕೂಲಿನ ಪ್ರವಾಸಕ್ಕೆ ಎರಡು ದಿನ ಹೋದಳು. ಶನಿವಾರ ಬೆಳಿಗ್ಗೆ ನಾನು ಪೆನ್ ಡ್ರೈವ್‌ಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ತುಂಬಿಕೊಂಡು ಅವಳ ಮೇಜಿನ ಮುಂದೆ ಕೂತೆ. ಬಂದು ನೋಡಿದರೆ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಸತ್ಯವಾಗಿಯೂ ಹಾಗೇ ಅಂದುಕೊಂಡಿದ್ದೆ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪನ್ನು ನೀವೂ ಮಾಡುವ ಹಂತದಲ್ಲಿದ್ದೀರಿ.

ನಾನು ತೀರಾ ಬೇಜವಾಬ್ದಾರಿ ಮನುಷ್ಯನಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಫೋಲ್ಡರ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿದೆ. ಒನ್‌ಡ್ರೈವ್ ಬ್ಯಾಕಪ್ ಕೂಡ ಆನ್ ಇತ್ತು, ಹಸಿರು ಟಿಕ್ ಮಾರ್ಕ್ ಕಾಣುತ್ತಿತ್ತು. ಸರಿ, ಎಲ್ಲ ಭದ್ರ ಅಂತ ಶುರು ಮಾಡಿದೆ. ವಿಂಡೋಸ್ ಜೊತೆಗೇ ಉಬುಂಟು ಹಾಕೋಣ ಅನ್ನುವುದು ಮೊದಲ ಯೋಚನೆ. ಆದರೆ ಇನ್‌ಸ್ಟಾಲರ್ ಅಡ್ಡ ಹಾಕಿತು: ಈ ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕಿಡುವ ವಿಂಡೋಸ್ ವ್ಯವಸ್ಥೆ) ಆನ್ ಇದೆ, ವಿಂಡೋಸ್‌ಗೆ ಹೋಗಿ ಆಫ್ ಮಾಡಿ ಬನ್ನಿ. ನಾನು ಅದನ್ನು ಯಾವತ್ತೂ ಆನ್ ಮಾಡಿರಲಿಲ್ಲ. ಆಮೇಲೆ ತಿಳಿಯಿತು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತನ್ನಷ್ಟಕ್ಕೆ ತಾನೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ರಿಕವರಿ ಕೀ ಆ ಖಾತೆಯಲ್ಲಿ ಹೋಗಿ ಕೂತಿರುತ್ತದೆ. ವಾಪಸ್ ಹೋಗಿ, ಆಫ್ ಮಾಡಿ, ಅದು ಬಿಚ್ಚಿಕೊಳ್ಳುವವರೆಗೆ ಕಾಯಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ಹಾಕು ಅನ್ನುವ ಆಯ್ಕೆ ಅಲ್ಲೇ ಕೆಳಗಿತ್ತು. ಒತ್ತಿದೆ. ಅದು ಇನ್ನೊಂದು ಸಲ ಕೇಳಿತು. ಇನ್ನೊಂದು ಸಲ ಒತ್ತಿದೆ.

ಭಾನುವಾರ ಸಂಜೆ ಮಗಳು ಬಂದು ಲ್ಯಾಪ್‌ಟಾಪ್ ತೆಗೆದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಮೌಸ್ ಮಾತ್ರ ಅತ್ತಿತ್ತ ಓಡುತ್ತಿತ್ತು. ಆಮೇಲೆ ತಿರುಗದೇನೇ ಕೇಳಿದಳು: "ನ್ಯೂ ಫೋಲ್ಡರ್ ಎಲ್ಲಿ?"

ಸಿ ಡ್ರೈವ್ ಒಳಗೆ ನೇರವಾಗಿ, ಯಾವ ಹೆಸರೂ ಇಡದೆ, ನ್ಯೂ ಫೋಲ್ಡರ್ ಅಂತಲೇ ಒಂದನ್ನು ಬಿಟ್ಟಿದ್ದಳಂತೆ. ಹಾಗಿದ್ದರೆ ಅಪ್ಪ ತೆರೆಯುವುದಿಲ್ಲ ಅಂತ. ಅದರಲ್ಲಿ ಅವಳು ಬರೆಯುತ್ತಿದ್ದ ಒಂದು ಕಾಮಿಕ್ಸ್ ಇತ್ತು, 41 ಪುಟ, ಕ್ಲಿಪ್ ಸ್ಟುಡಿಯೋ ಪೇಂಟ್ ಅನ್ನುವ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಬಿಡಿಸಿದ್ದು. ನಾನು ಒಳಗೆ ಹೋದಾಗ ಟಕ್ ಅಂತ ಮಾಯವಾಗುತ್ತಿದ್ದದ್ದು ಅದು.

ನಾನು ನಕಲು ಮಾಡಿದ್ದು ಮೂರೇ ಫೋಲ್ಡರ್. ಒನ್‌ಡ್ರೈವ್ ಕಾಯುತ್ತಿದ್ದದ್ದೂ ಅದೇ ಮೂರು ಫೋಲ್ಡರ್. ಎರಡು ಬ್ಯಾಕಪ್ ಇದೆ ಅಂತ ಬೀಗುತ್ತಿದ್ದವನ ಹತ್ತಿರ ಒಂದೇ ವಸ್ತುವಿನ ಎರಡು ನಕಲು ಇತ್ತು, ಬೇಕಾದದ್ದು ಎರಡರಲ್ಲೂ ಇರಲಿಲ್ಲ. ಆ ರಾತ್ರಿಯೇ ಫೋಟೊರೆಕ್ ಅನ್ನುವ, ಅಳಿಸಿದ ಫೈಲ್ ಹುಡುಕುವ ಪ್ರೋಗ್ರಾಂ ಓಡಿಸಿದೆ. ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಅಳಿಸಿದ್ದು ಅಂದರೆ ಬರೀ ಪರಿವಿಡಿ ಹರಿದ ಹಾಗೆ, ಒಳಗಿನ ಪುಟಗಳು ಉಳಿದಿರುತ್ತವೆ, ಹೆಕ್ಕಿ ತೆಗೆಯಬಹುದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡ್ರೈವ್) ಹಾಗಲ್ಲ. ಲಿನಕ್ಸ್ ಫಾರ್ಮ್ಯಾಟ್ ಮಾಡುವಾಗ ಈ ಜಾಗ ಇನ್ನು ಯಾರಿಗೂ ಬೇಡ ಅಂತ ಡ್ರೈವ್‌ಗೆ ಹೇಳಿಬಿಡುತ್ತದೆ, ಡ್ರೈವ್ ತನ್ನ ಪಾಡಿಗೆ ಅದನ್ನು ಖಾಲಿ ಮಾಡಿಕೊಳ್ಳುತ್ತದೆ. ಅಲ್ಲಿ ಇಲ್ಲಿ ಏನಾದರೂ ಚೂರು ಉಳಿದಿದ್ದರೂ ಅದು ಎನ್‌ಕ್ರಿಪ್ಟ್ ಆದ ಚೂರು, ಬೂದಿಗೆ ಸಮ. ರಿಕವರಿ ಕೀ ನನ್ನ ಹತ್ತಿರ ಇತ್ತು, 48 ಅಂಕಿ, ಒಂದೂ ತಪ್ಪಿರಲಿಲ್ಲ. ಅದರಿಂದ ತೆರೆಯುವುದಕ್ಕೆ ಬೀಗವೇ ಇರಲಿಲ್ಲ. ಬೆಳಗಿನ ಜಾವದವರೆಗೆ ಓಡಿ ಫೋಟೊರೆಕ್ ಒಂದಷ್ಟು ಚಿತ್ರ ಹುಡುಕಿಕೊಟ್ಟಿತು. ತೆರೆದು ನೋಡಿದರೆ ಎಲ್ಲ ಉಬುಂಟುವಿನದೇ ಐಕಾನ್‌ಗಳು.

ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಎರಡು ತಿಂಗಳು ಅದನ್ನು ಮುಟ್ಟಲಿಲ್ಲ.

ಕೊನೆಗೆ ವಿಂಡೋಸ್ ವಾಪಸ್ ಹಾಕಿಕೊಡುತ್ತೇನೆ ಅಂದೆ. "ನೀನು ಬೇಡ, ನಾನೇ ಹಾಕುತ್ತೇನೆ" ಅಂದಳು. ಪಕ್ಕದಲ್ಲಿ ಕೂತು ನೋಡುವುದಕ್ಕೂ ಬಿಡಲಿಲ್ಲ. ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಅದು ತಾನಾಗಿಯೇ ಆಕ್ಟಿವೇಟ್ ಆಯಿತು. ಪಾಸ್‌ವರ್ಡ್ ಅವಳದೇ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಲಿನಕ್ಸ್ ಕೊಟ್ಟರೆ ಆಟ ನಿಲ್ಲುತ್ತೆ ಅನ್ನುವುದೇ ತಪ್ಪು ಲೆಕ್ಕ. ಆಟಗಳನ್ನು ಮಾರುವ ಸ್ಟೀಮ್‌ನವರು 2018ರಲ್ಲೇ ಪ್ರೋಟಾನ್ ಅನ್ನುವ ತಂತ್ರಾಂಶ ತಂದರು, ಅದರಿಂದ ವಿಂಡೋಸ್‌ಗೆ ಬರೆದ ಸಾವಿರಾರು ಆಟಗಳು ಈಗ ಲಿನಕ್ಸ್ ಮೇಲೆ ಓಡುತ್ತವೆ. ಸ್ಟೀಮ್ ಡೆಕ್ ಅಂತ ಕೈಯಲ್ಲಿ ಹಿಡಿದು ಆಡುವ ಯಂತ್ರವೇ ಇದೆ ನೋಡಿ, ಅದರ ಒಳಗಿರುವುದೂ ಲಿನಕ್ಸೇ. ಓಡದೇ ಇರುವುದು ವ್ಯಾಲೊರಂಟ್, ಫೋರ್ಟ್‌ನೈಟ್ ಥರದವು, ನಿಮ್ಮ ಮಗನ ಗೆಳೆಯರೆಲ್ಲ ಆಡುವುದು ಬಹುಶಃ ಅವನ್ನೇ. ಅಂದರೆ ನೀವು ಆಟ ನಿಲ್ಲಿಸಿದ ಹಾಗಾಗುವುದಿಲ್ಲ, ಗೆಳೆಯರ ಜೊತೆ ಆಡುವುದನ್ನು ಮಾತ್ರ ನಿಲ್ಲಿಸಿದ ಹಾಗಾಗುತ್ತದೆ. ಮಲಗುವ ಹೊತ್ತಿಗೆ ಮುಚ್ಚಿಡಬೇಕು ಅನ್ನುವುದಾದರೆ ಹಾಗಂತ ಬಾಯಿಬಿಟ್ಟು ಹೇಳಿ. ಅದನ್ನು ಆಪರೇಟಿಂಗ್ ಸಿಸ್ಟಮ್ ಕೈಯಲ್ಲಿ ಹೇಳಿಸಬೇಡಿ.

ಕೋಡಿಂಗ್ ಬಗ್ಗೆ ಕೇಳಿದಿರಲ್ಲ. ನನ್ನ ಮಗಳು ಲಿನಕ್ಸ್ ಕಲಿತಳು, ಆದರೆ ನನ್ನಿಂದ ಅಲ್ಲ. ಒಂದು ವರ್ಷ ಆದಮೇಲೆ ಬಂದು ನನ್ನ ಹಳೇ ಲ್ಯಾಪ್‌ಟಾಪ್ ಕೊಡ್ತೀಯಾ ಅಂದಳು. ಯಾಕೆ ಅಂದರೆ ಮೈನ್‌ಕ್ರಾಫ್ಟ್ ಸರ್ವರ್ ನಡೆಸುವುದಕ್ಕೆ, ಗೆಳತಿಯರೆಲ್ಲ ಅದಕ್ಕೆ ಬಂದು ಸೇರುತ್ತಾರಂತೆ. ಅದರಲ್ಲಿ ಡೆಬಿಯನ್ ಹಾಕಿದಳು, ಅದೂ ಲಿನಕ್ಸ್‌ನದೇ ಒಂದು ಬಗೆ. ಒಂದು ರಾತ್ರಿ ನೀರು ಕುಡಿಯಲು ಎದ್ದರೆ ಅವಳ ಕೋಣೆಯಲ್ಲಿ ಕಪ್ಪು ಟರ್ಮಿನಲ್, ಲಾಗ್ ಫೈಲ್ ಸುರಿಯುತ್ತಿದೆ, ಸರ್ವರ್‌ಗೆ ರ‍್ಯಾಮ್ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡು ಮಲಗಲು ಹೋದೆ, ಅಷ್ಟು ಬುದ್ಧಿ ಅಷ್ಟೊತ್ತಿಗೆ ಬಂದಿತ್ತು.

ಹಾಗಾಗಿ ಯಾವ ಓಎಸ್ ಅನ್ನುವುದನ್ನು ಮಗನಿಗೇ ಬಿಡಿ. ಅವನು ದಿನಾ ಬಳಸುವ ಪ್ರೋಗ್ರಾಂ ಯಾವುದು ಅಂತ ಕೇಳಿ, ಅದು ಎಲ್ಲಿ ಓಡುತ್ತೋ ಅದು. ಕ್ಲಿಪ್ ಸ್ಟುಡಿಯೋಗೆ ಲಿನಕ್ಸ್ ಆವೃತ್ತಿಯೇ ಇಲ್ಲ, ನಾನು ಆವತ್ತು ಅದನ್ನೂ ನೋಡಿರಲಿಲ್ಲ. ಅವನಿಗೆ ಲಿನಕ್ಸ್ ತೋರಿಸಲೇಬೇಕು ಅಂತಿದ್ದರೆ ಪೆನ್ ಡ್ರೈವ್‌ನಿಂದಲೇ ಓಡಿಸಿ ತೋರಿಸಬಹುದು, ಡಿಸ್ಕ್ ಮುಟ್ಟುವ ಅಗತ್ಯವೇ ಇಲ್ಲ. ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ, ಬೂಟ್ ಸೆಟ್ಟಿಂಗ್ ಬದಲಾದರೆ ಬಿಟ್‌ಲಾಕರ್ ಅದನ್ನು ಕೇಳಬಹುದು.

ಇನ್ನು ಯಂತ್ರ. ನಿಮ್ಮ ಚಿಂತೆ ಎಲ್ಲ ಇಲ್ಲಿರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ವಿಂಡೋಸ್ 11ಗೆ 4 ಜಿಬಿ ರ‍್ಯಾಮ್ ಸಾಕು ಅಂತ ಕಾಗದದ ಮೇಲೆ ಇರುತ್ತದೆ, ಸುಮ್ನೆ ನಂಬಬೇಡಿ. 8 ಜಿಬಿ ಇವತ್ತಿಗೆ ನಡೆಯುತ್ತೆ, ಕಾಲೇಜು ಮುಗಿಯುವವರೆಗೆ ಎಳೆಯುವುದಿಲ್ಲ. 16 ತೆಗೆದುಕೊಳ್ಳಿ. ಆಗದಿದ್ದರೆ 8 ಇದ್ದು ಪಕ್ಕದಲ್ಲಿ ಇನ್ನೊಂದು ರ‍್ಯಾಮ್ ಹಾಕಲು ಖಾಲಿ ಸ್ಲಾಟ್ ಇರುವುದನ್ನು ಹುಡುಕಿ. ವಿವರಗಳಲ್ಲಿ ಎಲ್‌ಪಿಡಿಡಿಆರ್ ಅಂತಲೋ ಆನ್‌ಬೋರ್ಡ್ ಅಂತಲೋ ಇದ್ದರೆ ಸಾಮಾನ್ಯವಾಗಿ ಬೆಸುಗೆ ಹಾಕಿರುವ ರ‍್ಯಾಮ್, ಆಮೇಲೆ ಹಾಕಿಸೋಣ ಅನ್ನುವ ಮಾತೇ ಇಲ್ಲ. ಈಗಿನ ಮ್ಯಾಕ್‌ಬುಕ್‌ಗಳೂ ಹಾಗೇ. ಸ್ಟೋರೇಜ್ ಕಡೆ ಇಎಂಎಂಸಿ ಅಂತ ಕಂಡರೆ ಮುಂದೆ ನಡೆಯಿರಿ, ಅದು ಎಸ್‌ಎಸ್‌ಡಿ ಅಲ್ಲ, ಅದಕ್ಕಿಂತ ನಿಧಾನ. ಕ್ರೋಮ್‌ಬುಕ್ (ಗೂಗಲ್‌ನ ಓಎಸ್ ಇರುವ ಲ್ಯಾಪ್‌ಟಾಪ್) ನೋಡುತ್ತಿದ್ದರೆ ಅಪ್‌ಡೇಟ್ ಯಾವ ತಾರೀಕಿನವರೆಗೆ ಸಿಗುತ್ತೆ ನೋಡಿ. 10 ವರ್ಷ ಅನ್ನುತ್ತಾರೆ, ಆದರೆ ಅದನ್ನು ನೀವು ಕೊಂಡ ದಿನದಿಂದ ಎಣಿಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ಯೋಚನೆ ಇದ್ದರೆ ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳು ಹೆಚ್ಚು ಕಡಿಮೆ ಎಲ್ಲವೂ ವಿಂಡೋಸ್ 11ರ ಪಟ್ಟಿಯಿಂದ ಹೊರಗೆ. ಅಂಥ ಯಂತ್ರ ಮನೆಯಲ್ಲಿ ಮೂಲೆ ಸೇರಿದ್ದರೆ, ಹೊಸದರ ಜೊತೆಗೆ ಅದನ್ನೂ ಮಗನ ಕೈಗೆ ಕೊಡಿ, ಹಾಳಾದರೆ ಹಾಳಾಗಲಿ ಅಂತ. ಲಿನಕ್ಸ್ ಹಾಕಬೇಕಾದ ಜಾಗ ಅದು, ಅವನ ಹೊಸ ಲ್ಯಾಪ್‌ಟಾಪ್ ಅಲ್ಲ.

ನೋಡಿಟ್ಟಿರುವ ಮಾದರಿಗಳ ಪೂರ್ತಿ ಹೆಸರು ಇಲ್ಲೇ ಕೆಳಗೆ ಹಾಕಿ, ಸ್ಲಾಟ್ ಇದೆಯಾ ಇಲ್ಲವಾ ನೋಡಿ ಹೇಳುತ್ತೇನೆ. ಅವನ ಈಗಿನ ಕಂಪ್ಯೂಟರ್ ಯಾವುದಾದರೂ ಇದ್ದು ಅದನ್ನು ಖಾಲಿ ಮಾಡುವುದಿದ್ದರೆ ದಯವಿಟ್ಟು ಅವನು ಮನೆಯಲ್ಲಿರುವಾಗ ಮಾಡಿ, ಅವನ ಕೈಯಿಂದಲೇ ಮಾಡಿಸಿ.